ತೊಲೆಯಿಂದ ಉದುರುವ ಹಿಟ್ಟು

ಬೆಳಗ್ಗೆ ಎದ್ದು ಹಾಸಿಗೆ ಸುತ್ತುವಾಗ ಅದರ ಪಕ್ಕದ ನೆಲದ ಮೇಲೆ ಚಿಟಿಕೆಯಷ್ಟು ಹಳದಿ ಹಿಟ್ಟು ಬಿದ್ದಿರುವುದನ್ನು ನೀವು ಕಂಡಿರಬಹುದು. ಗುಡಿಸಿ ಹಾಕುತ್ತೀರಿ. ಮಾರನೆಯ ದಿನ ಮತ್ತೆ ಅಷ್ಟೇ ಹಿಟ್ಟು. ತಲೆಯೆತ್ತಿ ನೋಡಿದರೆ ಅಜ್ಜನ ಕಾಲದ ತೊಲೆ. ಅದರ ಮೈಯಲ್ಲಿ ಗುಂಡುಸೂಜಿಯ ತಲೆಯಷ್ಟಗಲದ ಸಣ್ಣ ಸಣ್ಣ ತೂತುಗಳು. ರಾತ್ರಿ ರೇಡಿಯೋ ಆರಿಸಿ, ಬೀದಿಯ ಸದ್ದಡಗಿದ ಮೇಲೆ ಕಿವಿಗೊಟ್ಟರೆ ಕೆಲವು ಮನೆಗಳಲ್ಲಿ ಮರದೊಳಗಿನಿಂದ ಕರಕರ ಸದ್ದೂ ಕೇಳುವುದುಂಟು.

“ತೊಲೆಗೆ ಕುಟ್ಟೆ ಹಿಡಿದಿದೆ” ಎಂಬ ಮಾತು ಹುಟ್ಟಿದೊಡನೆ ಮನೆಯಲ್ಲಿ ಎರಡು ಪಕ್ಷವಾಗುತ್ತದೆ. “ಇವತ್ತೋ ನಾಳೆಯೋ ಮಾಳಿಗೆ ತಲೆಯ ಮೇಲೆ ಬೀಳುತ್ತದೆ, ಎಲ್ಲ ಕಿತ್ತು ಆರ್‌ಸಿಸಿ ಹಾಕಿಸಿಬಿಡಿ” ಎಂದು ಒಬ್ಬರು. “ಅಂಗಡಿಯಿಂದ ಯಾವುದಾದರೊಂದು ಮದ್ದು ತಂದು ಹೊಡೆದರಾಯಿತು” ಎಂದು ಇನ್ನೊಬ್ಬರು. ಎರಡೂ ಅವಸರದ ಮಾತುಗಳೇ. ಮೊದಲನೆಯದರಿಂದ ಇನ್ನೂ ನೂರು ವರ್ಷ ಬಾಳಬಹುದಾದ ಮರ ಸೌದೆಯಾದೀತು. ಎರಡನೆಯದರಿಂದ ಮಕ್ಕಳು ಮಲಗುವ ಕೋಣೆಗೆ ವಿಷ ಸೇರಿ, ಕುಸಿಯಲಿರುವ ಜಂತೆ ಮಾತ್ರ ಹಾಗೆಯೇ ಉಳಿದೀತು. ಮದ್ದಿಗೆ ಮೊದಲು ನೋಟ ಬೇಕು. ಮನೆಗೆ ಬಂದಿರುವ ಹುಳು ಯಾವುದು, ಅದು ಈಗಲೂ ಬದುಕಿದೆಯೇ, ಮರದಲ್ಲಿ ಬಲ ಎಷ್ಟು ಉಳಿದಿದೆ: ಈ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಂಡ ಮೇಲೆ ಉಳಿದ ಕೆಲಸ ಅಷ್ಟೇನೂ ಕಷ್ಟದ್ದಲ್ಲ.

ಇಂಗ್ಲೆಂಡಿನಂಥ ತಣ್ಣನೆಯ ದೇಶಗಳ ಹಳೆಯ ಮನೆಗಳಲ್ಲಿ ನೆಲವೇ ಹಲಗೆಯದು. ಅಲ್ಲಿಯವರು ಮರದ ಹುಳು ಎಂದರೆ ಕಾಲ ಕೆಳಗೆ ನೋಡುತ್ತಾರೆ. ನಮ್ಮ ಸೀಮೆಯಲ್ಲಿ ಹಾಗಲ್ಲ. ಕೋಲಾರ, ಮುಳಬಾಗಿಲು ಕಡೆ ನೆಲಕ್ಕೂ ಕಲ್ಲು, ಎಷ್ಟೋ ಮನೆಗಳಲ್ಲಿ ಮೇಲಿನ ಹೊದಿಕೆಗೂ ಕಲ್ಲು ಚಪ್ಪಡಿ. ಮಾಲೂರಿನ ಕಡೆ ಇಟ್ಟಿಗೆ, ಹೆಂಚುಗಳ ಕಾರ್ಖಾನೆಗಳಿದ್ದುದರಿಂದ ಹೆಂಚಿನ ಮಾಡು ಧಾರಾಳ. ಆ ಹೆಂಚನ್ನು ಹೊರುವುದು ಮರದ ರೀಪು. ತೊಟ್ಟಿ ಮನೆಗಳಲ್ಲಿ ಮಣ್ಣಿನ ಮಾಳಿಗೆಯನ್ನೋ ಮದ್ರಾಸು ತಾರಸಿಯನ್ನೋ ಹೊತ್ತಿರುವುದು ತೊಲೆ ಮತ್ತು ಜಂತೆಗಳ ಸಾಲು. ಬೇಳೆಕಾಳು, ಪಾತ್ರೆ ಪರಡಿ ಇಡುವ ಅಟ್ಟ ಹಲಗೆಯದು. ಆದ್ದರಿಂದ ನಮ್ಮಲ್ಲಿ ಹುಳು ತಿನ್ನುವ ನೆಲ ಎಂದರೆ ಅಟ್ಟದ ನೆಲ, ಮಹಡಿಯ ನೆಲ. ಅಂದರೆ ನಮ್ಮ ತಲೆಯ ಮೇಲಿರುವ ನೆಲ. ಕಾಲ ಕೆಳಗಿನ ಹಲಗೆ ಮುರಿದರೆ ಕಾಲು ಉಳುಕೀತು. ತಲೆಯ ಮೇಲಿನದು ಮುರಿದರೆ ಆಗುವುದೇನೆಂದು ಹೇಳಬೇಕಾಗಿಲ್ಲ.

ಈಗ ಮೊದಲನೆಯ ಪ್ರಶ್ನೆ: ಹುಳು ಯಾವುದು?

ಮರ ತಿನ್ನುವ ಹುಳುಗಳು ನಮ್ಮಲ್ಲಿ ಮುಖ್ಯವಾಗಿ ಎರಡು ಕುಲದವು, ಕುಟ್ಟೆ ಮತ್ತು ಗೆದ್ದಲು. ಎರಡನ್ನೂ ಒಂದೇ ಎಂದು ತಿಳಿಯುವುದೇ ಎಲ್ಲ ತಪ್ಪುಗಳ ಮೂಲ. ಕುಟ್ಟೆ ಎಂಬುದು ಒಂದು ಪುಟ್ಟ ದುಂಬಿಯ ಮರಿಹುಳು. ತಾಯಿದುಂಬಿ ಮರದ ಸಣ್ಣ ರಂಧ್ರಗಳಲ್ಲಿ ಮೊಟ್ಟೆಯಿಡುತ್ತದೆ. ಮರಿ ಒಳಗೇ ಹುಟ್ಟಿ, ಒಳಗೇ ತಿಂದು, ಒಳಗೇ ಬೆಳೆದು, ಕೆಲವು ತಿಂಗಳಿಗೋ ಒಂದು ವರ್ಷಕ್ಕೋ ರೆಕ್ಕೆ ಬಲಿತ ದುಂಬಿಯಾಗಿ ಮರ ಕೊರೆದುಕೊಂಡು ಹೊರಬರುತ್ತದೆ. ನಾವು ಕಾಣುವ ತೂತು ಹೆಚ್ಚಾಗಿ ಹುಳು ಒಳಹೊಕ್ಕ ಬಾಗಿಲಲ್ಲ, ಹೊರಹೋದ ಬಾಗಿಲು. ಅಂದರೆ ತೂತು ಕಂಡಾಗ ಆ ಹುಳು ತನ್ನ ಕೆಲಸ ಮುಗಿಸಿ ಹೋಗಿಯಾಗಿದೆ. ಅದರ ಅಣ್ಣತಮ್ಮಂದಿರು ಒಳಗಿದ್ದಾರೆಯೇ ಎಂಬುದು ಬೇರೆ ಮಾತು.

ಈ ಕುಟ್ಟೆಗೆ ಬೇಕಾದುದು ಮರದಲ್ಲಿರುವ ಪಿಷ್ಟ. ಪಿಷ್ಟವಿರುವುದು ಮರದ ಚೇಗಿನಲ್ಲಲ್ಲ, ಚೇಗಿನ ಸುತ್ತಲ ಬಿಳಿ ಮರದಲ್ಲಿ. ಅದಕ್ಕೇ ತೇಗ, ಹೊನ್ನೆಗಳ ಚೇಗನ್ನು ಅದು ಮುಟ್ಟುವುದಿಲ್ಲ; ಬಿಳಿ ಅಂಚು ಬಿಟ್ಟು ಕೊಯ್ದ ಅದೇ ತೇಗದ ಹಲಗೆಯ ಒಂದು ಪಕ್ಕ ಮಾತ್ರ ಹಿಟ್ಟಾಗುತ್ತದೆ. ಮಾವಿನ ಹಲಗೆ, ಹೊಂಗೆಯ ಮರ, ಬಿದಿರು ಅದಕ್ಕೆ ಹಬ್ಬದೂಟ. ವರ್ಷಗಳು ಕಳೆದಂತೆ ಮರದ ಪಿಷ್ಟ ತಾನಾಗಿ ಕುಂದುವುದರಿಂದ ಹತ್ತು ಹದಿನೈದು ವರ್ಷ ದಾಟಿದ ಒಣ ಮರಕ್ಕೆ ಈ ಹುಳು ಹೊಸದಾಗಿ ಹಿಡಿಯುವುದು ಅಪರೂಪ. ಇದು ನೆನಪಿಡಬೇಕಾದ ಸಂಗತಿ. ಅಜ್ಜನ ಕಾಲದ ತೊಲೆಯ ತೂತುಗಳು ಅಜ್ಜನ ಕಾಲದ ಹುಳುವಿನವೇ ಆಗಿರಬಹುದು. ಮಹಡಿಯಲ್ಲಿ ಮಕ್ಕಳು ಓಡಿದಾಗ, ಒನಕೆ ಕುಟ್ಟಿದಾಗ ಹಳೆಯ ಸುರಂಗಗಳಲ್ಲಿ ಉಳಿದಿದ್ದ ಹಿಟ್ಟು ಅದುರಿ ಬೀಳುತ್ತದೆ, ಅಷ್ಟೆ.

ಕುಟ್ಟೆಯ ಕುಲದಲ್ಲೇ ದೊಡ್ಡದೊಂದುಂಟು, ಉದ್ದ ಮೀಸೆಯ ದುಂಬಿ. ಅದರ ಮರಿ ಒಣಮರದೊಳಗೆ ಹಲವು ವರ್ಷ ಇರಬಲ್ಲುದು. ಅದು ಹೊರಬಂದ ತೂತು ಅಂಡಾಕಾರವಾಗಿ, ಜೋಳದ ಕಾಳು ಹಿಡಿಸುವಷ್ಟಿರುತ್ತದೆ. ರಾತ್ರಿಯ ಕರಕರ ಸದ್ದು ಸಾಮಾನ್ಯವಾಗಿ ಇದರದು. ಇನ್ನು ಕೆಳಗೆ ಬಿದ್ದಿರುವುದು ಹಿಟ್ಟಲ್ಲದೆ ಗಸಗಸೆಯಂಥ ಕಾಳುಕಾಳಾಗಿದ್ದರೆ ಅದು ಒಣಮರದ ಗೆದ್ದಲಿನ ಹಿಕ್ಕೆ. ಕರಾವಳಿಯಲ್ಲಿ ಇದು ಹೆಚ್ಚು. ಅಲ್ಲಿಂದ ತಂದ ಪೆಟ್ಟಿಗೆ ಮಂಚಗಳೊಡನೆ ಇಲ್ಲಿಗೂ ಬರಬಹುದು.

ನಮ್ಮ ಸೀಮೆಯ ಸಾಮಾನ್ಯ ಗೆದ್ದಲಿನ ದಾರಿಯೇ ಬೇರೆ. ಅದರ ಊರು ಮಣ್ಣಿನೊಳಗೆ. ನಿಮ್ಮ ಮರ ಅದಕ್ಕೆ ಬರಿಯ ಹೊಲ. ದಿನವೂ ಬಂದು ಮೇದು ಹೋಗುತ್ತದೆ. ಗಾಳಿ ಬೆಳಕು ತಾಕಿದರೆ ಮೈ ಒಣಗಿ ಸಾಯುವುದರಿಂದ ಗೋಡೆಯ ಮೇಲೆ ಮಣ್ಣಿನ ಕೊಳವೆ ಕಟ್ಟಿಕೊಂಡೇ ಬರಬೇಕು. ಅದು ಪುಡಿ ಉದುರಿಸುವುದಿಲ್ಲ, ತೂತು ತೋರಿಸುವುದಿಲ್ಲ. ಬಣ್ಣದ ಪೊರೆಯಷ್ಟನ್ನು ಹೊರಗೆ ಬಿಟ್ಟು ಒಳಗೆಲ್ಲ ಟೊಳ್ಳು ಮಾಡುತ್ತದೆ. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ದೀಪಕ್ಕೆ ಮುತ್ತುವ ಮಳೆಹುಳು ಇದೇ ಗೆದ್ದಲಿನ ರೆಕ್ಕೆ ಬಂದ ಕುಲ. ಅವು ಹೊರಗಿನಿಂದ ಬಂದರೆ ಚಿಂತೆಯಿಲ್ಲ. ಗೋಡೆಯ ಸಂದಿನಿಂದಲೋ ಹೊಸ್ತಿಲ ಬುಡದಿಂದಲೋ ಎದ್ದರೆ ಅವುಗಳ ಗೂಡು ಹತ್ತಿರದಲ್ಲೇ ಇದೆಯೆಂದು ತಿಳಿಯಿರಿ.

ಎರಡರ ವ್ಯತ್ಯಾಸವನ್ನು ಒಂದು ಮಾತಿನಲ್ಲಿ ಹೇಳುವುದಾದರೆ, ಕುಟ್ಟೆ ಮರದೊಡನೆ ಬರುತ್ತದೆ, ಗೆದ್ದಲು ನೀರಿನೊಡನೆ ಬರುತ್ತದೆ. ಮನೆ ಒಣಗಿಸಿದರೆ ಗೆದ್ದಲಿನ ಮುಕ್ಕಾಲು ಹಾವಳಿ ನಿಲ್ಲುತ್ತದೆ. ಕುಟ್ಟೆ ಒಣಮರದಲ್ಲೂ ಬದುಕುತ್ತದೆ. ಅದನ್ನು ತಡೆಯಬೇಕಾದ್ದು ಮರ ಮನೆಯೊಳಗೆ ಬರುವಾಗ.

ಎರಡನೆಯ ಪ್ರಶ್ನೆ: ಹುಳು ಈಗ ಬದುಕಿದೆಯೇ? ಇದಕ್ಕೆ ಕಾಸು ಖರ್ಚಿಲ್ಲದ ಪರೀಕ್ಷೆಯುಂಟು. ತೊಲೆಯ ಮೈಯನ್ನು ಬ್ರಷ್ಷಿನಿಂದ ಉಜ್ಜಿ, ತೂತುಗಳ ಸಾಲಿನ ಮೇಲೆ ತೆಳುವಾದ ಕಾಗದವನ್ನು ಮೈದಾ ಅಂಟಿನಿಂದ ಅಂಟಿಸಿ, ಅಂದಿನ ತಾರೀಕು ಬರೆಯಿರಿ. ಹೊರಬರುವ ದುಂಬಿ ಕಾಗದವನ್ನೂ ಕೊರೆಯದೆ ಹೋಗಲಾರದು. ಫೆಬ್ರವರಿಯಲ್ಲಿ ಅಂಟಿಸಿದ ಕಾಗದ ಬೇಸಗೆ ಕಳೆದು ಮಳೆಗಾಲ ಮುಗಿಯುವವರೆಗೆ ತೂತಿಲ್ಲದೆ ಉಳಿದರೆ ಆ ಮರದಲ್ಲಿ ಕುಟ್ಟೆಯ ಕಾಟ ನಿಂತಿದೆ ಎಂದು ಬಹುಮಟ್ಟಿಗೆ ನಂಬಬಹುದು. ಹೊಸ ತೂತಿನ ಅಂಚು ಚೂಪಾಗಿ, ಒಳಗು ಹೊಸ ಮರದ ಬಣ್ಣದಲ್ಲಿರುತ್ತದೆ. ಹಳೆಯದರ ಒಳಗು ಕಪ್ಪಾಗಿ, ಜೇಡರ ಬಲೆ ಕಟ್ಟಿರುತ್ತದೆ. ಗೆದ್ದಲಿಗಾದರೆ ಮಣ್ಣಿನ ಕೊಳವೆಯನ್ನು ಒಂದು ಅಂಗುಲದಷ್ಟು ಮಾತ್ರ ಮುರಿದು ನೋಡಿ. ಮೂರು ನಾಲ್ಕು ದಿನಗಳಲ್ಲಿ ಮತ್ತೆ ಕಟ್ಟಿದ್ದರೆ ದಾರಿ ನಡೆಯುತ್ತಿದೆ. ಕೊಳವೆಯನ್ನೆಲ್ಲ ಗುಡಿಸಿಹಾಕಬೇಡಿ, ಅದು ಯಾವ ಸಂದಿನಿಂದ ಮೇಲೆ ಬಂತೆಂಬ ಗುರುತೇ ಅಳಿದುಹೋಗುತ್ತದೆ.

ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು: ಮರದಲ್ಲಿ ಬಲ ಉಳಿದಿದೆಯೇ? ಒಂದು ದಬ್ಬಳವನ್ನೋ ಮೊನೆಯಾದ ಸ್ಕ್ರೂಡ್ರೈವರನ್ನೋ ತೆಗೆದುಕೊಂಡು ಒಂದೊಂದು ಅಡಿಗೂ ಒತ್ತಿ ನೋಡಿ. ಗಟ್ಟಿ ಮರದಲ್ಲಿ ಮೊನೆ ಒಂದು ಕೂದಲೆಳೆ ಇಳಿದು ನಿಲ್ಲುತ್ತದೆ. ಬೆಣ್ಣೆಗಿಳಿದಂತೆ ಇಳಿದರೆ ಎಷ್ಟು ಆಳ ಇಳಿಯಿತೆಂದು ಅಳೆದು ಬರೆದುಕೊಳ್ಳಿ. ಸುತ್ತಿಗೆಯ ಹಿಡಿಯಿಂದ ತಟ್ಟಿದರೆ ಗಟ್ಟಿ ಮರ ಠಣ್ ಎನ್ನುತ್ತದೆ, ಟೊಳ್ಳು ಮರ ಬೊದ್ ಎನ್ನುತ್ತದೆ. ಮುಖ್ಯವಾಗಿ ನೋಡಬೇಕಾದ್ದು ನಡುಭಾಗವನ್ನಲ್ಲ, ಗೋಡೆಯೊಳಗೆ ಹೊಕ್ಕಿರುವ ಎರಡು ತುದಿಗಳನ್ನು. ಗೋಡೆ ನೆನೆದಾಗ ನೀರು ಕುಡಿಯುವುದು ತುದಿ. ಕೊಳೆಯುವುದೂ ಗೆದ್ದಲು ಹತ್ತುವುದೂ ಮೊದಲು ಅಲ್ಲೇ. ನಡುವೆ ಥಳಥಳಿಸುವ ತೊಲೆಯ ತುದಿ ಹಿಟ್ಟಾಗಿರುವುದುಂಟು.

ಇಲ್ಲಿ ಒಂದು ಸಣ್ಣ ಲೆಕ್ಕ ಹೇಳಬೇಕು. ತೊಲೆ ಮುರಿಯದೆ ಹೊರುವ ಬಲ ಅದರ ಅಗಲದಂತೆ ಒಂದು ಪಾಲು, ಎತ್ತರದಂತೆ ಎರಡು ಪಾಲು. ಅಂದರೆ ಅಗಲವನ್ನು ಎತ್ತರದಿಂದ ಎರಡು ಸಲ ಗುಣಿಸಬೇಕು. 6 ಅಂಗುಲ ಅಗಲ, 8 ಅಂಗುಲ ಎತ್ತರದ ತೊಲೆಯ ನಾಲ್ಕೂ ಮೈಯಲ್ಲಿ ಅರ್ಧರ್ಧ ಅಂಗುಲ ಹಿಟ್ಟಾಗಿದೆ ಎನ್ನೋಣ. ಉಳಿದದ್ದು 5ಕ್ಕೆ 7. ಗುಣಿಸಿದರೆ 384 ಇದ್ದದ್ದು 245 ಆಯಿತು. ಬಲದಲ್ಲಿ ಮೂರರಲ್ಲೊಂದು ಪಾಲಿಗಿಂತ ಸ್ವಲ್ಪ ಹೆಚ್ಚು ಹೋಯಿತು. ಅದೇ ಅರ್ಧ ಅಂಗುಲ 3ಕ್ಕೆ 4ರ ಜಂತೆಯಲ್ಲಿ ಹೋದರೆ ಉಳಿಯುವುದು 2ಕ್ಕೆ 3. 48 ಇದ್ದದ್ದು 18. ಐದರಲ್ಲಿ ಮೂರು ಪಾಲಿಗಿಂತ ಹೆಚ್ಚು ಬಲ ಹೋಯಿತು! ಹುಳು ಒಂದೇ, ಆಳ ಒಂದೇ. ದಪ್ಪ ತೊಲೆ ತಾಳಿಕೊಂಡೀತು, ಸಣ್ಣ ಜಂತೆ ತಾಳದು. ನಮ್ಮ ಕಣ್ಣು ಹೋಗುವುದು ದೊಡ್ಡ ತೊಲೆಯ ಕಡೆಗೆ. ನೋಡಬೇಕಾದ್ದು ಅದರ ಮೇಲಿನ ಸಣ್ಣ ಜಂತೆಗಳನ್ನು.

ಅವು ಹೊತ್ತಿರುವ ಭಾರವಾದರೂ ಎಷ್ಟು? ಒಂದು ಘನ ಅಡಿ ಮಣ್ಣು ಸುಮಾರು 45 ಕಿಲೋ ತೂಗುತ್ತದೆ. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಯ ಮೇಲೆ ಅರ್ಧ ಅಡಿ ಮಣ್ಣಿದ್ದರೆ ಅದು 60 ಘನ ಅಡಿ, 2,700 ಕಿಲೋ. ಮಳೆಗೆ ನೆನೆದರೆ ಇನ್ನೂ ಹೆಚ್ಚು. ಸೋರಿತೆಂದು ವರ್ಷ ವರ್ಷ ಮೇಲೆ ಮಣ್ಣು ಹಾಕಿಸುತ್ತ ಬಂದ ಮನೆಗಳಲ್ಲಿ ಮಣ್ಣಿನ ದಪ್ಪ ಒಂದಡಿಗೆ ಬಂದಿರುವುದೂ ಉಂಟು. ಹುಳು ಬಲ ಕಡಿಮೆ ಮಾಡುತ್ತ ಬಂದಂತೆಲ್ಲ ನಾವು ಭಾರ ಹೆಚ್ಚಿಸುತ್ತ ಬಂದ ಹಾಗಾಯಿತು. ಕೋಲಾರ ಸೀಮೆಯ ಮಳೆ ವರ್ಷಕ್ಕೆ ಏಳುನೂರು ಚಿಲ್ಲರೆ ಮಿಲಿಮೀಟರು. ಅದರಲ್ಲಿ ದೊಡ್ಡದೊಂದು ಪಾಲು ಸೆಪ್ಟೆಂಬರು ಅಕ್ಟೋಬರಿನಲ್ಲಿ ಸುರಿಯುತ್ತದೆ. ಆದ್ದರಿಂದ ಜಂತೆಗಳ ತಪಾಸಣೆ ಆಗಸ್ಟಿಗೆ ಮುಂಚೆ ಮುಗಿಯಬೇಕು. ದಬ್ಬಳ ಅರ್ಧ ಅಂಗುಲಕ್ಕಿಂತ ಆಳ ಇಳಿದ ಜಂತೆ, ಗೋಡೆಯ ಬಳಿ ಮೆತ್ತಗಾದ ತುದಿ, ನಡುವೆ ಜೋತ ತೊಲೆ, ಇವು ಕಂಡರೆ ಅಂದೇ ಆ ಕೋಣೆಯಲ್ಲಿ ಮಲಗುವುದನ್ನು ನಿಲ್ಲಿಸಿ, ಕೆಳಗೆ ಆಸರೆ ಕಂಬ ಕೊಟ್ಟು, ಇಂಜಿನಿಯರನ್ನೋ ಅನುಭವಸ್ಥ ಬಡಗಿಯನ್ನೋ ಕರೆಸಿ. ಆಸರೆ ಕೊಡದೆ ಒಂದು ಜಂತೆಯನ್ನೂ ಎಳೆಯಗೊಡಬೇಡಿ.

ಇಷ್ಟಾದ ಮೇಲೆ ಮದ್ದಿನ ಮಾತು. ಗೆದ್ದಲಿಗೆ ಮೊದಲನೆಯ ಮದ್ದು ಬಡಗಿಯದಲ್ಲ, ಗಾರೆ ಕೆಲಸದವನದು. ಸೋರುವ ಮಾಳಿಗೆ ಕಟ್ಟಿಸಿ. ಬಚ್ಚಲ ನೀರು ಗೋಡೆಯ ಬುಡಕ್ಕೆ ಇಂಗದಂತೆ ಕಾಲುವೆ ಮಾಡಿಸಿ. ತೊಟ್ಟಿಯ ಮೂಲೆಯಲ್ಲಿ ನೀರು ನಿಲ್ಲದಿರಲಿ. ಗೋಡೆಗೆ ಒರಗಿಸಿದ ಸೌದೆ, ಮೂಲೆಯ ಹಳೆಯ ಕಾಗದದ ಗಂಟು, ಹಿತ್ತಲ ಕೊಳೆತ ಮೊದ್ದು ತೆಗೆಸಿ. ಬಾಗಿಲ ಚೌಕಟ್ಟಿನ ಕಾಲು ಮಣ್ಣಿಗೆ ತಾಗದೆ ಕಲ್ಲಿನ ಮೇಲೆ ನಿಲ್ಲಬೇಕು. ಕಲ್ಲಿನ ಹೊಸ್ತಿಲಿಟ್ಟ ನಮ್ಮ ಹಿರಿಯರು ಇದನ್ನು ಬಲ್ಲವರೇ. ಇಷ್ಟಕ್ಕೂ ನಿಲ್ಲದೆ ಮಣ್ಣಿಗೇ ಔಷಧಿ ಹಾಕಬೇಕಾಗಿ ಬಂದರೆ ಪರವಾನಗಿ ಉಳ್ಳವರಿಂದಲೇ ಮಾಡಿಸಿ. ಕಟ್ಟಿ ಮುಗಿದ ಮನೆಗಳಲ್ಲಿ ಇದನ್ನು ಮಾಡುವ ಕ್ರಮಕ್ಕೆ ಭಾರತೀಯ ಮಾನಕ 6313ರ ಮೂರನೆಯ ಭಾಗ ಇದೆ; ಅದರಂತೆ ಮಾಡುತ್ತೀರಾ ಎಂದು ಕೇಳಿ. ಬಾವಿ ಎಲ್ಲಿದೆ, ಕೊಳವೆಬಾವಿ ಎಲ್ಲಿದೆ ಎಂಬುದನ್ನು ನೀವೇ ಮುಂದಾಗಿ ತೋರಿಸಿ. ತುಂಬಿ ಹರಿಯುವ ನದಿಯಿಲ್ಲದ, ಕೆರೆಬಾವಿಗಳನ್ನೇ ನಂಬಿದ ಸೀಮೆ ನಮ್ಮದು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರನ್ನು ತಂದು ಕೆರೆ ತುಂಬಿಸಿ ಅಂತರ್ಜಲ ಹೆಚ್ಚಿಸಿಕೊಳ್ಳಬೇಕಾಗಿ ಬಂದ ಸೀಮೆ. ಒಂದು ಚೌಕಟ್ಟು ಉಳಿಸಲು ಹೋಗಿ ಬಾವಿ ಕೆಡಿಸಿಕೊಂಡರೆ ಅದು ಲಾಭದ ವ್ಯಾಪಾರವಲ್ಲ.

ಕುಟ್ಟೆಗೆ ಮನೆಮಂದಿಯೇ ಮಾಡಬಹುದಾದ, ತಕ್ಕಮಟ್ಟಿಗೆ ನಿರಪಾಯವಾದ ಮದ್ದು ಬಿಳಿಗಾರ ಮತ್ತು ಬೋರಿಕ್ ಆಮ್ಲ. ಹತ್ತು ಲೀಟರು ಬಿಸಿನೀರಿಗೆ 300 ಗ್ರಾಂ ಬಿಳಿಗಾರ, 200 ಗ್ರಾಂ ಬೋರಿಕ್ ಆಮ್ಲ ಹಾಕಿ ಕರಗಿಸಿ. ಮರದ ಮೇಲಿನ ಬಣ್ಣ, ವಾರ್ನಿಷು, ಸುಣ್ಣಗಳನ್ನು ಕೆರೆದು ತೆಗೆಯಿರಿ; ಅವಿದ್ದರೆ ನೀರು ಒಳಗಿಳಿಯದು. ಬೆಚ್ಚಗಿರುವಾಗಲೇ ಬ್ರಷ್ಷಿನಿಂದ ಮೈ ತೋಯುವಂತೆ ಬಳಿದು, ಆರಿದ ಮೇಲೆ ಮತ್ತೊಮ್ಮೆ, ಮಗುದೊಮ್ಮೆ ಬಳಿಯಿರಿ. ತೂತುಗಳಿಗೆ ಸಿರಿಂಜಿನಿಂದ ಬಿಡಿ. ಕೊನೆಗೆ ತೂತುಗಳನ್ನು ಮೇಣದಿಂದ ಮುಚ್ಚಿದರೆ ಮುಂದೆ ಹೊಸ ತೂತು ಬಿದ್ದರೆ ತಕ್ಷಣ ತಿಳಿಯುತ್ತದೆ. ಒಳಗೆ ಆಳದಲ್ಲಿರುವ ಮರಿ ಆ ದಿನವೇ ಸಾಯುವುದಿಲ್ಲ. ಹೊರಬರುವಾಗ, ಅಥವಾ ಅದರ ಸಂತತಿ ಒಳಹೋಗುವಾಗ, ಮದ್ದು ಹೀರಿದ ಪದರವನ್ನು ದಾಟಬೇಕಾಗಿ ಬಂದು ಸಾಯುತ್ತದೆ. ಆದ್ದರಿಂದ ಒಂದು ವರ್ಷದ ತಾಳ್ಮೆ ಬೇಕು. ಮಳೆ ಬೀಳುವ ಕಡೆ ಈ ಮದ್ದು ತೊಳೆದುಹೋಗುತ್ತದೆ. ಹೊಟ್ಟೆಗೆ ಹೋದರೆ ಇದೂ ವಿಷವೇ. ಅಡುಗೆಯ ಪಾತ್ರೆಯಲ್ಲಿ ಕಲಸಬೇಡಿ, ಮಕ್ಕಳ ಕೈಗೆ ಸಿಗದಂತಿಡಿ. ಬಳಿಯುವಾಗ ಕೈಗೆ ಗವುಸು, ಕಣ್ಣಿಗೆ ಕನ್ನಡಕವಿರಲಿ. ತಲೆಯ ಮೇಲಿನ ಕೆಲಸವಲ್ಲವೆ?

ಸೀಮೆಎಣ್ಣೆ ಹಚ್ಚುವ ರೂಢಿಯುಂಟು. ಅದು ತಾಗಿದ ಹುಳುವನ್ನು ಕೊಂದು, ನಾಲ್ಕು ದಿನದಲ್ಲಿ ಆವಿಯಾಗಿ, ಬೆಂಕಿಯ ಭಯವನ್ನು ಮಾತ್ರ ಉಳಿಸುತ್ತದೆ. ಹೊಂಗೆ, ಬೇವಿನೆಣ್ಣೆಗಳು ಮರದ ಮೇಲ್ಮೈಗೆ ಒಳ್ಳೆಯವು, ಆಳಕ್ಕೆ ಇಳಿಯುವುದಿಲ್ಲ. ಮೋಟಾರಿನ ಹಳೆಯ ಎಣ್ಣೆ, ಕ್ರಿಯೊಸೋಟು ಮನೆಯೊಳಗೆ ಸಲ್ಲವು. ಬಿಡಿ ಹಲಗೆ, ಮಣೆ, ಬಿದಿರು ತಟ್ಟೆಗಳನ್ನು ಏಪ್ರಿಲಿನ ಬಿಸಿಲಿಗೆ ಹಾಕಿ, ಆಗಾಗ ಮಗುಚಿದರೆ ಲಾಭವುಂಟು. ಮರದ ನಡುವಿಗೆ 56 ಡಿಗ್ರಿ ಸೆಲ್ಸಿಯಸ್ ಶಾಖ ಅರ್ಧ ಗಂಟೆ ತಾಗಿದರೆ ಹುಳು ಉಳಿಯದು. ದಪ್ಪ ತೊಲೆಗೆ ಈ ಉಪಾಯ ನಡೆಯದು.

ಮಾಡಲೇಬಾರದ್ದೊಂದುಂಟು. ಕಾಳಿನ ಮೂಟೆಗೆ ಇಡುವ ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆಗಳನ್ನು ಅಟ್ಟದಲ್ಲಿಟ್ಟು ಬಾಗಿಲು ಮುಚ್ಚುವುದು. ಅದರಿಂದ ಹೊಮ್ಮುವ ಅನಿಲ ಗೋಡೆಯ ಸಂದುಗಳಿಂದ ಪಕ್ಕದ ಕೋಣೆಗೂ ಪಕ್ಕದ ಮನೆಗೂ ನುಸುಳಿ ನಿದ್ರೆಯಲ್ಲಿದ್ದವರನ್ನು ಕೊಲ್ಲಬಲ್ಲುದು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಹಾಲಿನ ಮಧ್ಯಯುಗದ ಮರದ ಚಾವಣಿಯನ್ನು ಹುಳು ತಿಂದಾಗ 1914ರಿಂದ 1923ರವರೆಗೆ ಅದನ್ನು ದುರಸ್ತಿ ಮಾಡಿದರು. ಆ ಹುಳುವಿಗೆ ಮದ್ದು ಕಂಡುಹಿಡಿಯಲು ಕರೆಸಿದವರು ಹೆರಾಲ್ಡ್ ಮ್ಯಾಕ್ಸ್‌ವೆಲ್ ಲೆಫ್ರಾಯ್. ಹಿಂದೆ ನಮ್ಮ ಬಿಹಾರದ ಪೂಸಾದಲ್ಲಿ ಕೀಟಶಾಸ್ತ್ರಜ್ಞರಾಗಿದ್ದು, 1909ರಲ್ಲಿ ಭಾರತದ ಕೀಟಗಳ ಮೇಲೆ ದೊಡ್ಡ ಗ್ರಂಥ ಬರೆದವರು. ಅವರು 1925ರಲ್ಲಿ ತಮ್ಮ ಪ್ರಯೋಗಶಾಲೆಯಲ್ಲಿ ಕೀಟನಾಶಕ ಅನಿಲವೊಂದನ್ನು ಪರೀಕ್ಷಿಸುತ್ತಿದ್ದಾಗ ಅದನ್ನೇ ಉಸಿರಾಡಿ ತೀರಿಕೊಂಡರು. ಅಷ್ಟು ಬಲ್ಲವರನ್ನೇ ಬಿಡದ ವಿಷ ನಮ್ಮನ್ನು ಬಿಟ್ಟೀತೆ?

ಹಳೆಯ ಡಬ್ಬಿಗಳ ವಿಷಯವೂ ಹಾಗೆಯೇ. ಒಂದು ಕಾಲಕ್ಕೆ ಗೆದ್ದಲಿಗೆ ರಾಮಬಾಣವೆನಿಸಿದ್ದ ಆಲ್ಡ್ರಿನ್, ಡೀಲ್ಡ್ರಿನ್, ಕ್ಲೋರ್ಡೇನ್, ಹೆಪ್ಟಾಕ್ಲೋರ್‌ಗಳು ಮಣ್ಣಿನಲ್ಲೂ ಮನುಷ್ಯನ ಮೈಯಲ್ಲೂ ಕರಗದೆ ಉಳಿಯುವುವೆಂದು ತಿಳಿದು, 2001ರ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿದುವು. ನಮ್ಮ ದೇಶದಲ್ಲಿ ಇವೆಲ್ಲ ನಿಷಿದ್ಧ. ಬಹುಕಾಲ ಬಳಕೆಯಲ್ಲಿದ್ದ ಕ್ಲೋರ್‌ಪೈರಿಫಾಸ್ ಕೂಡ 2025ರಲ್ಲಿ, ಕೆಲವು ವಿನಾಯಿತಿಗಳೊಡನೆ, ಅದೇ ಪಟ್ಟಿಗೆ ಸೇರಿತು. ಅಟ್ಟದಲ್ಲಿ ಹೆಸರಳಿದ ಹಳೆಯ ಡಬ್ಬಿಯೊಂದು ಸಿಕ್ಕರೆ “ಇದ್ದದ್ದು ಬಳಸೋಣ” ಎನ್ನಬೇಡಿ, ಬಚ್ಚಲಿಗೂ ಸುರಿಯಬೇಡಿ.

ಕೆಟ್ಟ ಜಂತೆಗೆ ಬದಲು ಹೊಸ ಮರ ತರುವಾಗಲೇ ಮುಂದಿನ ಕುಟ್ಟೆಯನ್ನೂ ತರುವವರುಂಟು. ಶ್ರೀನಿವಾಸಪುರದ ಕಡೆ ಮಾವಿನ ಮರ ಅಗ್ಗವಾಗಿ ಸಿಗುತ್ತದೆ, ಸೀಮೆಯಲ್ಲೆಲ್ಲ ನೀಲಗಿರಿಯ ಗಳು ಸಿಗುತ್ತದೆ. ಹಸಿಯಾಗಿಯೇ ತಂದು ಏರಿಸಿದರೆ ಎರಡು ವರ್ಷದಲ್ಲಿ ಹಿಟ್ಟು ಶುರು. ಬಿಳಿ ಅಂಚು ಕೆತ್ತಿಸಿ, ನೆರಳಲ್ಲಿ ಒಣಗಿಸಿ, ಮೇಲೆ ಹೇಳಿದ ಮದ್ದಿನಲ್ಲಿ ಅದ್ದಿ, ತುದಿಗಳಿಗೆ ಎರಡು ಪಟ್ಟು ಬಳಿದು ಆಮೇಲೆ ಏರಿಸಿ. ಬಿದಿರನ್ನೂ ಮರವನ್ನೂ ಕೆರೆಯ ನೀರಿನಲ್ಲಿ ವಾರಗಟ್ಟಲೆ ನೆನೆಹಾಕುತ್ತಿದ್ದ ಹಿರಿಯರ ಕ್ರಮದಲ್ಲಿ ಅರ್ಥವಿದೆ; ನೀರು ಮರದ ಪಿಷ್ಟವನ್ನು ಕರಗಿಸಿ, ಹುಳುವಿನ ಬುತ್ತಿಯನ್ನೇ ಕಸಿಯುತ್ತದೆ. ಹಳೆಯ ಮರ ಯಾವ ಜಾತಿಯದೆಂದು ತಿಳಿಯದಿದ್ದರೆ ಬೆಂಗಳೂರಿನ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಗುರುತಿಸಿಕೊಡುವವರಿದ್ದಾರೆ. 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಆರಂಭವಾದ ಸಂಸ್ಥೆ ಅದು. ಹೊನ್ನೆಯೋ ತೇಗವೋ ಆಗಿದ್ದರೆ ಕೆಡವುವ ಮೊದಲು ಎರಡು ಸಲ ಯೋಚಿಸಿ. ಅಂಥ ಚೇಗು ಇಂದು ಹಣ ಕೊಟ್ಟರೂ ಸುಲಭವಾಗಿ ಸಿಗದು. ಕೆಟ್ಟ ತುದಿಯಷ್ಟನ್ನು ಕತ್ತರಿಸಿ, ಹೊಸ ತುಂಡನ್ನು ಬೆಸೆದು, ಉಳಿದುದನ್ನು ಉಳಿಸಿಕೊಳ್ಳಲು ಬಲ್ಲ ಬಡಗಿಗಳಿದ್ದಾರೆ.

ಹಾಗಾದರೆ ನಾಳೆ ಬೆಳಗ್ಗೆ ಹಿಟ್ಟು ಕಂಡಾಗ ಗುಡಿಸುವ ಮೊದಲು ಬೆರಳಿನಲ್ಲಿ ಉಜ್ಜಿ ನೋಡಿ: ಹಿಟ್ಟೋ, ಕಾಳೋ, ಮಣ್ಣೋ. ಒಂದು ತುಂಡು ಕಾಗದ, ಒಂದು ದಬ್ಬಳ, ಒಂದು ಏಣಿ, ಏಣಿ ಹಿಡಿಯಲು ಒಬ್ಬರು. ಒಂದು ಭಾನುವಾರದ ಕೆಲಸ. ಕಂಡದ್ದನ್ನೆಲ್ಲ ತಾರೀಕು ಹಾಕಿ ಬರೆದಿಡಿ. ಮುಂದಿನ ವರ್ಷ ಅದೇ ತೊಲೆಯ ಕೆಳಗೆ ನಿಂತಾಗ ಭಯವೂ ಬೇಕಿಲ್ಲ, ಉದಾಸೀನವೂ ಬೇಕಿಲ್ಲ. ಆ ಬರಹವೇ ನಿಮಗೆ ಹೇಳುತ್ತದೆ, ಈ ಮರದ ಕೆಳಗೆ ಮಕ್ಕಳನ್ನು ನಿಶ್ಚಿಂತೆಯಿಂದ ಮಲಗಿಸಬಹುದೇ ಇಲ್ಲವೇ ಎಂದು.